ಹನ್ನಿ ಉಳಿಸಿದ ಹತ್ತು ಸಾವಿರ ಮಟ್ಟುಗಳು

ಸ್ವಿಟ್ಜರ್ಲೆಂಡ್ ಎಂದೊಡನೆ ನೆನಪಾಗುವುದು ಹಿಮದ ಬೆಟ್ಟ, ಗಡಿಯಾರ, ಚಾಕೊಲೇಟ್. ಅಲ್ಲಿನ ಹಳ್ಳಿಗರು ಯಾವ ಮಟ್ಟಿಗೆ ಕುಣಿಯುತ್ತಿದ್ದರು? ಒಂದು ಕಾಲಕ್ಕೆ ಸ್ವಿಸ್ಸರಿಗೇ ಅದು ಮರೆತುಹೋಗುವುದರಲ್ಲಿತ್ತು.

ಹಾಗಾಗದಂತೆ ನೋಡಿಕೊಂಡವರು 1899ರಲ್ಲಿ ಹುಟ್ಟಿದ, ಬಾಸೆಲ್ ಸೀಮೆಯ ಹನ್ನಿ ಕ್ರಿಸ್ಟನ್. ಇಪ್ಪತ್ತನೆಯ ಶತಮಾನದಲ್ಲಿ ಹಳ್ಳಿಯ ಕುಣಿತಕ್ಕೆ ಅಕಾರ್ಡಿಯನ್ನಿನದೇ ದರ್ಬಾರು. ನಮ್ಮ ಹಾರ್ಮೋನಿಯಂನ ದೂರದ ನೆಂಟ ಇದು; ಒಬ್ಬನೇ ನುಡಿಸಿದರೂ ಹತ್ತು ಜನರ ಸದ್ದು! ಪಿಟೀಲು ಹಿಡಿದ ಹಳಬರು ಮೂಲೆ ಸೇರಿದರು. ಹನ್ನಿಗೆ ಇದು ಸಹಿಸಲಿಲ್ಲ.

1940ರಿಂದ ಸುಮಾರು ಎರಡು ದಶಕ ಅವರು ಊರೂರು ಅಲೆದರು. ಮುದಿ ವಾದಕರ ಮನೆ ಬಾಗಿಲು ತಟ್ಟಿದರು. ಅವರ ಅಪ್ಪ, ಅಜ್ಜಂದಿರು ಬರೆದಿಟ್ಟಿದ್ದ ಸ್ವರಪುಸ್ತಕಗಳನ್ನು ಹುಡುಕಿ ನಕಲು ಮಾಡಿಕೊಂಡರು. ಝೆರಾಕ್ಸ್ ಅಂಗಡಿ ಇಲ್ಲದ ಕಾಲವದು. ವಾಲ್ಟ್ಸ್, ಪೋಲ್ಕಾ, ಮಜುರ್ಕಾ ಎಂದು ಸೇರುತ್ತ ಸೇರುತ್ತ ಮಟ್ಟುಗಳ ಸಂಖ್ಯೆ ಹತ್ತು ಸಾವಿರ ದಾಟಿತು. ಮುದುಕ ತೀರಿಕೊಂಡ ಮೇಲೆ ಹಳೆಯ ಪುಸ್ತಕ ಒಲೆಗೋ ಗುಜರಿಗೋ ಹೋಗುವುದು ಎಲ್ಲ ದೇಶದಲ್ಲೂ ಉಂಟಷ್ಟೆ. ಹನ್ನಿ ಅದಕ್ಕಿಂತ ಮೊದಲೇ ಅಲ್ಲಿರಬೇಕಿತ್ತು.

ಇಷ್ಟಾದರೂ ಅವರು ಬದುಕಿದ್ದಾಗ ಆ ಸಂಗ್ರಹ ಅಚ್ಚಾಗಲಿಲ್ಲ. 1976ರಲ್ಲಿ ಹನ್ನಿ ತೀರಿಕೊಂಡರು. ಕಾಗದಗಳು ಬಾಸೆಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸದ್ದಿಲ್ಲದೆ ಕುಳಿತಿದ್ದವು. 1990ರ ದಶಕದಲ್ಲಿ ಸಂಗೀತಗಾರರ ಕಣ್ಣು ಅವುಗಳ ಮೇಲೆ ಬಿತ್ತು. ರಚನಕಾರ ಫೇಬಿಯನ್ ಮ್ಯೂಲರ್ ಮುಂದೆ ನಿಂತು ಸಂಪಾದಿಸಿದ ಹತ್ತು ಸಂಪುಟಗಳು 2002ರಲ್ಲಿ ಹೊರಬಂದವು. ಅಜ್ಜಂದಿರ ಮಟ್ಟುಗಳು ಮತ್ತೆ ಮೊಮ್ಮಕ್ಕಳ ಕೈಗೆ ಬಂದವು.

ಅವನ್ನು ನುಡಿಸಲೆಂದೇ ಹುಟ್ಟಿದ ಮೇಳವೊಂದು ಇಟ್ಟುಕೊಂಡ ಹೆಸರು ‘ಹನ್ನೆಲಿ ಮುಸಿಗ್’. ಹನ್ನೆಲಿ ಎಂದರೆ ಪುಟ್ಟ ಹನ್ನಿ.