ಹೊಟ್ಟೆಯೊಳಗಿನ ರಕ್ತ ತೋರಿಸುವ ಯಂತ್ರ

ಮಳೆಗಾಲ ಹಿಡಿಯಿತೆಂದರೆ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ತೋಟಗಳಲ್ಲಿ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಸಿಂಪಡಿಸಲೇಬೇಕು; ಮರವೋ ಒದ್ದೆಯಾಗಿ ಜಾರುತ್ತಿರುತ್ತದೆ. ಮರದಿಂದ ಬಿದ್ದವರ ಮೈಮೇಲೆ ಕೆಲವೊಮ್ಮೆ ತರಚು ಗಾಯ ಬಿಟ್ಟರೆ ಏನೂ ಕಾಣದು, ಮಾತೂ ಆಡುತ್ತಿರುತ್ತಾರೆ. ಒಳಗೆ ಮಾತ್ರ ಗುಲ್ಮ ಒಡೆದು ಹೊಟ್ಟೆಗೆ ರಕ್ತ ಇಳಿಯುತ್ತಿರಬಹುದು. ಚಾರ್ಮಾಡಿ ಘಾಟಿಯಲ್ಲಿ, ಬಿ.ಸಿ.ರೋಡಿನ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರಿಗೂ ಇದೇ ಅಪಾಯ.

ಅಂಥವರ ಹಾಸಿಗೆಯ ಬಳಿಗೇ ಒಯ್ಯಬಹುದಾದದ್ದು ಪೋರ್ಟಬಲ್ ಅಲ್ಟ್ರಾಸೌಂಡ್. ಅಮೆರಿಕದ ಸೇನೆಯ ಸಂಶೋಧನಾ ಹಣದಿಂದ ಬೆಳೆದ ಸೋನೋಸೈಟ್ ಯಂತ್ರ 1999ರಲ್ಲಿ ಮಾರುಕಟ್ಟೆಗೆ ಬಂತು. ಈಗ ಮೊಬೈಲಿಗೆ ಜೋಡಿಸುವ ಪ್ರೋಬುಗಳೂ ಇವೆ.

ಒಳಗಿನ ರಕ್ತ ಹುಡುಕುವ ಪರೀಕ್ಷೆಯ ಹೆಸರು ‘ಫಾಸ್ಟ್’. ಜೆಲ್ ಹಚ್ಚಿದ ಪ್ರೋಬನ್ನು ಬಲಗಡೆ ಪಕ್ಕೆಲುಬಿನ ಕೆಳಭಾಗಕ್ಕೆ ಒತ್ತಿದರೆ ಪರದೆಯ ಮೇಲೆ ಬೂದು ಬಣ್ಣದ ಯಕೃತ್ತು, ಅದಕ್ಕೆ ತಾಗಿ ಮೂತ್ರಪಿಂಡ ಮೂಡುತ್ತವೆ. ಎರಡರ ನಡುವೆ ಕಪ್ಪು ಪಟ್ಟಿ ಕಂಡರೆ ಅದು ದ್ರವ. ಪೆಟ್ಟು ಬಿದ್ದವರಲ್ಲಿ ಅದನ್ನು ರಕ್ತವೆಂದೇ ಎಣಿಸಿ ಮುಂದಿನ ಹೆಜ್ಜೆ ಇಡುತ್ತಾರೆ. ಆಮೇಲೆ ಎಡಗಡೆ ಗುಲ್ಮದ ಸುತ್ತ, ಕಿಬ್ಬೊಟ್ಟೆಯಲ್ಲಿ ಮೂತ್ರಕೋಶದ ಹಿಂದೆ, ಕೊನೆಗೆ ಹೃದಯದ ಚೀಲದಲ್ಲಿ ಹುಡುಕಾಟ. ಎಲ್ಲ ಸೇರಿ ಕೆಲವೇ ನಿಮಿಷ. ಎದೆಯ ಮೇಲಿಟ್ಟು ನೋಡುವಾಗ ಉಸಿರಿನ ಜೊತೆ ಶ್ವಾಸಕೋಶದ ಪೊರೆ ಸರಿದಾಡಬೇಕು. ಸರಿಯದಿದ್ದರೆ ಗಾಳಿ ಸೋರಿ ಶ್ವಾಸಕೋಶ ಕುಸಿದಿರುವ ಶಂಕೆ. ಏದುಸಿರು ಬಿಡುವ ವೃದ್ಧರಿಗೆ ಬಂದಿರುವುದು ಅಸ್ತಮಾವೋ, ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದೆಯೋ ಎಂಬುದಕ್ಕೂ ಇದೇ ಪ್ರೋಬ್ ಸುಳಿವು ಕೊಡುತ್ತದೆ.

ಆದರೆ ಆರಂಭದ ಸಣ್ಣ ರಕ್ತಸ್ರಾವ ಇದಕ್ಕೆ ಸಿಗದೆ ಹೋಗಬಹುದು. ಏನೂ ಕಾಣಲಿಲ್ಲವೆಂದು ರೋಗಿಯನ್ನು ಮನೆಗೆ ಕಳಿಸುವಂತಿಲ್ಲ. ಮತ್ತೆ ನೋಡಬೇಕು, ಬೇಕಾದರೆ ಸಿಟಿ ಸ್ಕ್ಯಾನ್ ಮಾಡಿಸಬೇಕು.

ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್, ಮೂಡುಬಿದಿರೆಯಿಂದ 35. ಹೊರಡುವ ಮೊದಲೇ ‘ಹೊಟ್ಟೆಯಲ್ಲಿ ರಕ್ತ ಇದೆ’ ಎಂದು ಅಲ್ಲಿನ ವೆನ್‌ಲಾಕ್ ಜಿಲ್ಲಾಸ್ಪತ್ರೆಗೆ ಫೋನ್ ಹೋದರೆ ರೋಗಿ ತಲುಪುವ ಹೊತ್ತಿಗೆ ಸರ್ಜನ್ನರೂ ರಕ್ತವೂ ಸಿದ್ಧವಾಗಿರಲು ಸಾಧ್ಯ. ಹೃದಯದ ವಿಷಯದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಅಂಥ ದಾರಿಯನ್ನು ಆಗಲೇ ಕಂಡಿದೆ. ಮಂಗಳೂರು ಕೆಎಂಸಿಯ ಡಾ. ಪದ್ಮನಾಭ ಕಾಮತ್ ಅವರ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಹಳ್ಳಿಯ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಟ್ಟು, ಅಲ್ಲಿನ ವೈದ್ಯರನ್ನು ವಾಟ್ಸ್‌ಆ್ಯಪ್‌ನಲ್ಲಿ ತಜ್ಞರಿಗೆ ಜೋಡಿಸಿತು.

ಅಲ್ಟ್ರಾಸೌಂಡನ್ನು ಹಾಗೆ ಹಂಚಲಾಗದು. ಹೆಣ್ಣುಭ್ರೂಣ ಹತ್ಯೆ ತಡೆಯಲು ಬಂದ 1994ರ ಕಾಯ್ದೆಯಡಿ ಪ್ರತಿ ಯಂತ್ರವೂ ನೋಂದಣಿಯಾಗಬೇಕು. 2012ರ ತಿದ್ದುಪಡಿಯ ಪ್ರಕಾರ ಪೋರ್ಟಬಲ್ ಯಂತ್ರವನ್ನು ಬಳಸಬಹುದಾದದ್ದು ನೋಂದಾಯಿತ ಆಸ್ಪತ್ರೆಯ ಒಳರೋಗಿಗಳಿಗೆ, ಇಲ್ಲವೇ ಇತರ ಚಿಕಿತ್ಸೆಗಳನ್ನೂ ಕೊಡುವ ಸಂಚಾರಿ ವೈದ್ಯಕೀಯ ಘಟಕದಲ್ಲಿ ಮಾತ್ರ. ಗರ್ಭಿಣಿಯ ಸ್ಕ್ಯಾನಿಗೆ ‘ಫಾರ್ಮ್ ಎಫ್’ ಎಂಬ ದಾಖಲೆ ತುಂಬಬೇಕು. ಈ ಬಿಗಿ ಸಡಿಲವಾಗಬಾರದು. ಅದರ ಹಿಂದೆ ಹುಟ್ಟದೇ ಹೋದ ಹೆಣ್ಣುಮಕ್ಕಳ ಲೆಕ್ಕವಿದೆ. ಕಾನೂನಿನ ಒಳಗೇ ಮಾಡಬಹುದಾದದ್ದು ಬೇಕಾದಷ್ಟಿದೆ: ತಾಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನೋಂದಾಯಿತ ಯಂತ್ರವೊಂದು ಇರಲಿ, ರಾತ್ರಿ ಪಾಳಿಯ ವೈದ್ಯರಿಗೂ ಅದೇ ಕಾಯ್ದೆಯಡಿಯ 2014ರ ನಿಯಮ ಹೇಳುವ ಆರು ತಿಂಗಳ ಅಲ್ಟ್ರಾಸೌಂಡ್ ತರಬೇತಿ ಸಿಗಲಿ.