ಉಚಿತ ವಕೀಲರು ಬಡವರಿಗೆ ಮಾತ್ರವೇ?

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುವ ಗಾದೆ ನಮ್ಮಲ್ಲಿ ಹಳೆಯದು. ಮೆಟ್ಟಿಲು ಹತ್ತುವ ಮೊದಲೇ ಜನ ಹಿಂಜರಿಯಲು ಖರ್ಚಿನ ಭಯ ಒಂದು ಕಾರಣವಾದರೆ, ಉಚಿತ ಕಾನೂನು ನೆರವಿನ ಬಗ್ಗೆ ಹಬ್ಬಿರುವ ತಪ್ಪು ತಿಳಿವಳಿಕೆ ಇನ್ನೊಂದು.

ತಪ್ಪು ಕಲ್ಪನೆ: ಉಚಿತ ಕಾನೂನು ನೆರವು ಸರ್ಕಾರ ಕರುಣೆಯಿಂದ ಕೊಡುವ ಸವಲತ್ತು.

ಸತ್ಯ: 1976ರ 42ನೇ ತಿದ್ದುಪಡಿಯಲ್ಲಿ ಈ ನೆರವಿನ ಬಗೆಗಿನ 39ಎ ವಿಧಿ ಸಂವಿಧಾನಕ್ಕೆ ಸೇರಿತು, ನಿಜ. ಆದರೆ ಅದು ನಿರ್ದೇಶಕ ತತ್ವ. ಜಾರಿ ಮಾಡಿ ಎಂದು ಕೋರ್ಟಿನಲ್ಲಿ ಕೇಳುವಂತಿರಲಿಲ್ಲ. ಅದಕ್ಕೆ ಜೀವ ತುಂಬಿದ್ದು ಸುಪ್ರೀಂ ಕೋರ್ಟ್, 1979ರ ಹುಸೈನಾರಾ ಖಾತೂನ್ ಪ್ರಕರಣದಲ್ಲಿ. ಬಿಹಾರದ ಜೈಲುಗಳಲ್ಲಿ ಎಷ್ಟೋ ವಿಚಾರಣಾಧೀನ ಕೈದಿಗಳು, ಅಪರಾಧ ಸಾಬೀತಾಗಿದ್ದರೆ ಆಗಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದರು. ವಿಷಯ ಪತ್ರಿಕೆಯಲ್ಲಿ ಬಂತು, ಅರ್ಜಿಯಾಯಿತು. ಬಡ ಆರೋಪಿಗೆ ಉಚಿತ ವಕೀಲರು ಸಿಗುವುದು 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಇದೆ ಎಂದಿತು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ. ಈ ನೆರವಿಗೆ ವ್ಯವಸ್ಥೆ ಮಾಡುವ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಬಂದದ್ದು ಆಮೇಲೆ, 1987ರಲ್ಲಿ. ಜಾರಿಯಾಗಲು 1995ರ ನವೆಂಬರ್ 9ರವರೆಗೆ ಕಾಯಬೇಕಾಯಿತು, ಆ ಮಾತು ಬೇರೆ.

ತಪ್ಪು ಕಲ್ಪನೆ: ಬಿಪಿಎಲ್ ಕಾರ್ಡ್ ಇದ್ದವರಿಗೆ ಮಾತ್ರ.

ಸತ್ಯ: ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು — ಇವರಿಗೆಲ್ಲ ಆದಾಯದ ಮಿತಿಯೇ ಇಲ್ಲ. ಜೀವನಾಂಶಕ್ಕೆ ಅರ್ಜಿ ಹಾಕುವ ಬ್ಯಾಂಕ್ ಉದ್ಯೋಗಿ ಮಹಿಳೆಯೂ ಕೇಳಬಹುದು. ಪ್ರಕರಣದಲ್ಲಿ ಮೇಲ್ನೋಟಕ್ಕೆ ಹುರುಳಿದ್ದರೆ ಸಾಕು.

ತಪ್ಪು ಕಲ್ಪನೆ: ಬಾಯಿಬಿಟ್ಟು ಕೇಳದಿದ್ದರೆ ಹಕ್ಕು ಹೋಯಿತು.

ಸತ್ಯ: ಅರುಣಾಚಲದ ಸುಕ್ ದಾಸ್, ಎಂಜಿನಿಯರರೊಬ್ಬರನ್ನು ಬೆದರಿಸಿದ ಆರೋಪದಲ್ಲಿ ವಕೀಲರಿಲ್ಲದೆಯೇ ವಿಚಾರಣೆ ಎದುರಿಸಿ ಶಿಕ್ಷೆಗೊಳಗಾದರು. ಅವರೇ ನೆರವು ಕೇಳಲಿಲ್ಲವಲ್ಲ ಅನ್ನುವುದು ಸಮರ್ಥನೆಯಾಗಿತ್ತು. ಕೇಳಬಹುದೆಂದು ಗೊತ್ತಿಲ್ಲದವನು ಕೇಳುವುದಾದರೂ ಹೇಗೆ? 1986ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನೇ ರದ್ದು ಮಾಡಿತು. ಈ ಹಕ್ಕನ್ನು ಆರೋಪಿಗೆ ತಿಳಿಸಿ ಹೇಳುವ ಹೊಣೆ ನ್ಯಾಯಾಧೀಶರದ್ದೇ.

ತಪ್ಪು ಕಲ್ಪನೆ: ಇದೇ ಕಾಯ್ದೆಯಡಿ ರಾಜಿಗಾಗಿ ನಡೆಯುವ ಲೋಕ ಅದಾಲತ್‌ನಲ್ಲಿ ಬಲವಂತದ ರಾಜಿ ಮಾಡಿಸುತ್ತಾರೆ.

ಸತ್ಯ: ಇಬ್ಬರೂ ಒಪ್ಪಿದರಷ್ಟೇ ರಾಜಿ. ಒಪ್ಪದಿದ್ದರೆ ಕೇಸು ಬಂದ ಕೋರ್ಟಿಗೇ ವಾಪಸ್. ಒಪ್ಪಿದರೆ ಕಟ್ಟಿದ ಕೋರ್ಟ್ ಶುಲ್ಕ ಮರಳಿ ಸಿಗುತ್ತದೆ, ಆದರೆ ಮೇಲ್ಮನವಿಗೆ ಅವಕಾಶವಿಲ್ಲ. ಹಾಗಾಗಿ ಸಹಿ ಹಾಕುವ ಮುನ್ನ ಮೊತ್ತ, ಕಂತು, ಗಡುವು ಎಲ್ಲವನ್ನೂ ಓದಿಸಿ ಕೇಳಿ.

ಪುಕ್ಕಟೆ ವಕೀಲರು ಆಸ್ಥೆ ವಹಿಸುವುದಿಲ್ಲ ಅನ್ನುವ ದೂರು ಪೂರ್ತಿ ಸುಳ್ಳೆಂದು ನಾನು ವಾದಿಸಲಾರೆ. ಹಾಗಾದಾಗ ಬೇರೆಯವರನ್ನು ನೇಮಿಸಿ ಎಂದು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಬರೆದುಕೊಡಬಹುದು. ಈ ಸಮಿತಿಯ ಬಗ್ಗೆ ನಿಮ್ಮ ತಾಲ್ಲೂಕು ಕೋರ್ಟಿನಲ್ಲೇ ವಿಚಾರಿಸಿ. ಅಲ್ಲಿಗೆ ಹೋಗಲಾಗದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ.