ಬಣ್ಣ ಬಯಲು ಮಾಡುವ ಕಿಟಕಿಗಳು

2022ರ ಜುಲೈನಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರಗಳು ಕೈಗೆ ಬಂದಿದ್ದೇ ತಡ, ಅತಿ ದೂರದ ಗೆಲಾಕ್ಸಿ ಹುಡುಕುವ ಪೈಪೋಟಿ ಶುರುವಾಯಿತು. ಎಡಿನ್‌ಬರೋದ ತಂಡವೊಂದಕ್ಕೆ ‘ಸೀರ್ಸ್-93316’ ಎಂಬ ಕೆಂಪು ಚುಕ್ಕೆ ಸಿಕ್ಕಿತು. ಬೇರೆ ಬೇರೆ ಫಿಲ್ಟರ್‌ಗಳಲ್ಲಿ ಅದರ ಹೊಳಪನ್ನು ತಾಳೆ ನೋಡಿ ಲೆಕ್ಕ ಹಾಕಿದರೆ ಕೆಂಪು ಪಲ್ಲಟ, ಅಂದರೆ ದಾರಿಯಲ್ಲಿ ಬೆಳಕು ಎಷ್ಟು ಹಿಗ್ಗಿದೆ ಎಂಬ ಅಳತೆ, 16ರ ಮೇಲೆ! ಮಹಾಸ್ಫೋಟವಾಗಿ 24 ಕೋಟಿ ವರ್ಷವೂ ಕಳೆದಿರದ ಕಾಲದ ಗೆಲಾಕ್ಸಿ ಅದು ಎಂದಾಯಿತು. ಮರುವರ್ಷದ ಮಾರ್ಚ್‌ನಲ್ಲಿ ವೆಬ್‌ನದೇ ರೋಹಿತದರ್ಶಕ ‘ನಿಯರ್‌ಸ್ಪೆಕ್’ ಅದರತ್ತ ತಿರುಗಿತು. ಬಣ್ಣ ಬಯಲಾಯಿತು. ಕೆಂಪು ಪಲ್ಲಟ ಬರೀ 4.9, ಮಹಾಸ್ಫೋಟದಿಂದ ಸುಮಾರು 120 ಕೋಟಿ ವರ್ಷ ಈಚೆಯದು.

ಫಿಲ್ಟರ್ ಹಾಕಿ ತೆಗೆದ ಚಿತ್ರ ಒಂದು ಅಗಲ ಪಟ್ಟಿಯೊಳಗಿನ ಬೆಳಕನ್ನೆಲ್ಲ ಕೂಡಿಸಿ ಮೊತ್ತವನ್ನಷ್ಟೇ ಹೇಳುತ್ತದೆ. ಈ ಗೆಲಾಕ್ಸಿಯ ಆಮ್ಲಜನಕ, ಜಲಜನಕಗಳ ಪ್ರಖರ ರೇಖೆಗಳು ಆ ಪಟ್ಟಿಗಳೊಳಗೇ ಬಿದ್ದು ಮೊತ್ತವನ್ನು ಉಬ್ಬಿಸಿದ್ದವು. ರೋಹಿತ ಬೆಳಕನ್ನು ಬಿಡಿಸಿ ಹರಡುವುದರಿಂದ ಯಾವ ರೇಖೆ ಎಲ್ಲಿದೆ ಎಂದು ಓದಿಕೊಳ್ಳಬಹುದು. ಪ್ರಯೋಗಾಲಯದಲ್ಲಿ 0.656 ಮೈಕ್ರಾನ್‌ನಲ್ಲಿರುವ ಜಲಜನಕದ ಕೆಂಪು ರೇಖೆ, ಹಿಗ್ಗುತ್ತಿರುವ ವಿಶ್ವದಲ್ಲಿ ಸಾವಿರ ಕೋಟಿ ವರ್ಷ ಸಾಗಿ ಬರುವಷ್ಟರಲ್ಲಿ ತಾನೂ ಹಿಗ್ಗಿ 2 ಮೈಕ್ರಾನ್ ಹತ್ತಿರ ಬಂದಿರುತ್ತದೆ. ನಮ್ಮ ಕಣ್ಣಿನ ಹದ್ದು 0.7ರ ಆಸುಪಾಸಿಗೇ ಮುಗಿಯುತ್ತದೆ. ಹಾಗಾಗಿ ಸಮೀಪ ಅವಕೆಂಪಿಗೆ, ಅಂದರೆ ನಿಯರ್ ಇನ್‌ಫ್ರಾರೆಡ್‌ಗೆ, ಹೋಗದೆ ಗತಿಯಿಲ್ಲ.

ಈ ಬೆಳಕು ಗೊತ್ತಾಗಿದ್ದು 1800ರಲ್ಲಿ. ವಿಲಿಯಂ ಹರ್ಷೆಲ್ ಪಟ್ಟಕದಿಂದ ಹೊರಬಿದ್ದ ಬಣ್ಣಗಳ ಆಚೆ, ಕೆಂಪಿಗೂ ಹೊರಗೆ ಥರ್ಮಾಮೀಟರ್ ಇಟ್ಟಾಗ ಪಾದರಸ ಏರಿತ್ತು. ಅದನ್ನು ಹಿಡಿಯುವ ಒಳ್ಳೆಯ ಸಂವೇದಕಗಳು ಬರಲು ಮಾತ್ರ ಒಂದೂವರೆ ಶತಮಾನ ಬೇಕಾಯಿತು. ಬಂದಾಗಲೂ ಅವು ಸೇನೆಯ ದುಡ್ಡಿನಲ್ಲಿ ಬೆಳೆದ ಕೂಸುಗಳು. 1986ರಲ್ಲಿ ಹವಾಯಿಯ ಬ್ರಿಟಿಷ್ ದೂರದರ್ಶಕ ಯುಕರ್ಟ್‌ಗೆ ‘ಐಆರ್‌ಕ್ಯಾಮ್’ ಕೂರಿಸಿದರು. ಅದರಲ್ಲಿದ್ದದ್ದು 62×58 ಪಿಕ್ಸೆಲ್. ನಾಲ್ಕು ಸಾವಿರವೂ ಇಲ್ಲ. ಮೊಬೈಲ್ ಹಿಡಿದ ಇಂದಿನ ಹುಡುಗರು ನಕ್ಕಾರು, ಆದರೆ ಅಲ್ಲಿಯವರೆಗೆ ಒಂದೇ ಒಂದು ಸಂವೇದಕದಿಂದ ಆಕಾಶ ತಡಕಾಡುತ್ತಿದ್ದವರಿಗೆ ಅದು ಹಬ್ಬ.

ಸಂವೇದಕ ಸಿಕ್ಕರೂ ನಮ್ಮ ವಾಯುಮಂಡಲ ಬಿಡಬೇಕಲ್ಲ? ನೀರಾವಿ ಅವಕೆಂಪು ಬೆಳಕನ್ನು ಅಲ್ಲಲ್ಲಿ ನುಂಗಿಹಾಕುತ್ತದೆ. ಎತ್ತರದ ಒಣ ಜಾಗ ಹುಡುಕುವುದು ಅದಕ್ಕೇ. ಹೊಸಕೋಟೆಯಿಂದ ನಡೆಸುವ ಲಡಾಖಿನ ಹಾನ್ಲೆಯ ದೂರದರ್ಶಕಕ್ಕೂ ಅವಕೆಂಪಿನ ಒಂದು ರೋಹಿತದರ್ಶಕವಿದೆ. ಇಷ್ಟು ಮಸುಕಾದ ಗೆಲಾಕ್ಸಿಗಳಿಗೆ ಮಾತ್ರ ಅದರ 2 ಮೀಟರ್ ಕನ್ನಡಿ ಸಾಲದು. ಗಾಯದ ಮೇಲೆ ಬರೆ ಎಂಬಂತೆ, ಸುಮಾರು 87 ಕಿ.ಮೀ. ಎತ್ತರದಲ್ಲಿ ಹೈಡ್ರಾಕ್ಸಿಲ್ ಅಣುಗಳು ರಾತ್ರಿಯಿಡೀ ಇದೇ ಬೆಳಕಿನಲ್ಲಿ ಮಿನುಗುತ್ತವೆ. ಏಡನ್ ಮೈನೆಲ್ 1950ರಲ್ಲಿ ಗುರುತಿಸಿದ ಈ ಮಿನುಗು ನಿಮಿಷ ನಿಮಿಷಕ್ಕೂ ಏರಿಳಿಯುತ್ತದೆ. ದೂರದರ್ಶಕವನ್ನು ಚೂರು ಅತ್ತ, ಚೂರು ಇತ್ತ ಸರಿಸಿ ಎರಡು ಚಿತ್ರ ತೆಗೆದು, ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದೇ ಗೆಲಾಕ್ಸಿ. 2012ರಲ್ಲಿ ಕೆಕ್ ದೂರದರ್ಶಕಕ್ಕೆ ಬಂದ ‘ಮಾಸ್‌ಫೈರ್’, ಬೇಕಾದ ಗೆಲಾಕ್ಸಿಯ ಬೆಳಕನ್ನಷ್ಟೇ ಒಳಬಿಡುವ 46 ಸೀಳುಗಳಲ್ಲಿ ಒಟ್ಟಿಗೇ ರೋಹಿತ ತೆಗೆಯತೊಡಗಿದ ಮೇಲೆ ಈ ಕೆಲಸಕ್ಕೆ ವೇಗ ಬಂತು.

ಬಾಹ್ಯಾಕಾಶದಲ್ಲಿ ಆ ಮಿನುಗಿನ ಕಾಟವಿಲ್ಲ. ಆದರೆ ಅಲ್ಲಿ ಸೀಳುಗಳನ್ನು ಬದಲಾಯಿಸುವವರು ಯಾರು? ನಾಸಾದ ಗಾಡರ್ಡ್ ಕೇಂದ್ರದವರು ಕಂಡುಕೊಂಡ ದಾರಿಯೇ ಮೈಕ್ರೋಶಟರ್. ಸಿಲಿಕಾನ್ ಬಿಲ್ಲೆಗಳ ಮೇಲೆ ಕೊರೆದ ಸುಮಾರು ಎರಡೂವರೆ ಲಕ್ಷ ಪುಟಾಣಿ ಕಿಟಕಿಗಳು. ಒಂದೊಂದೂ ಸುಮಾರು 0.1×0.2 ಮಿ.ಮೀ. ಆಯಸ್ಕಾಂತವೊಂದು ಮೇಲೆ ಹಾದುಹೋದಾಗ ಬಾಗಿಲುಗಳೆಲ್ಲ ತೆರೆದುಕೊಳ್ಳುತ್ತವೆ. ಬೇಕಾದವನ್ನು ವಿದ್ಯುತ್ ಹಿಡಿದಿಟ್ಟುಕೊಳ್ಳುತ್ತದೆ, ಉಳಿದವು ಮುಚ್ಚಿಕೊಳ್ಳುತ್ತವೆ. ಇದೆಲ್ಲ ಮೈನಸ್ 230 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿಯಲ್ಲಿ ನಡೆಯಬೇಕು. ಯುರೋಪಿನಲ್ಲಿ ತಯಾರಾದ ನಿಯರ್‌ಸ್ಪೆಕ್ 2013ರಲ್ಲಿ ಅಮೆರಿಕಕ್ಕೆ ಬಂತು. ಅಷ್ಟರಲ್ಲಿ ಸಂವೇದಕಗಳು ಕೆಡತೊಡಗಿದ್ದವು, ಪರೀಕ್ಷೆಗಳಲ್ಲಿ ಕಿಟಕಿಗಳು ಸಿಕ್ಕಿಹಾಕಿಕೊಳ್ಳುತ್ತಿದ್ದವು. ಎರಡನ್ನೂ ಬಿಚ್ಚಿ ಹೊಸದು ಹಾಕಬೇಕಾಯಿತು. ಈಗಲೂ ಕೆಲವು ಕಿಟಕಿ ತೆರೆಯುವುದಿಲ್ಲ, ಕೆಲವು ಮುಚ್ಚುವುದಿಲ್ಲ. ಆದರೂ ಒಂದೇ ಬಾರಿಗೆ ನೂರಕ್ಕೂ ಹೆಚ್ಚು ಗೆಲಾಕ್ಸಿಗಳ ರೋಹಿತ ಸಿಗುತ್ತದೆ. ನನ್ನ ಪ್ರಕಾರ ವೆಬ್‌ನ ಚಿನ್ನದ ಕನ್ನಡಿಗಿಂತ ದೊಡ್ಡ ಸೋಜಿಗ ಇದೇ.

2024ರ ಜನವರಿಯಲ್ಲಿ ಆ ಕಿಟಕಿಗಳು ‘ಜೇಡ್ಸ್-ಜಿಎಸ್-ಝಡ್14-0’ ಎಂಬ ಗೆಲಾಕ್ಸಿಗೆ ಹತ್ತಿರ ಹತ್ತಿರ ಹತ್ತು ಗಂಟೆ ತೆರೆದಿದ್ದವು. ಸುಮಾರು 1.85 ಮೈಕ್ರಾನ್‌ವರೆಗೆ ಕತ್ತಲು, ಅಲ್ಲಿಂದಾಚೆ ಬೆಳಕು. ಆ ಅಂಚು ಎಷ್ಟು ಸರಿದಿದೆ ಎಂಬುದರಿಂದ ಕೆಂಪು ಪಲ್ಲಟ 14.32 ಎಂದು ತೀರ್ಮಾನವಾಗಿ, ಆಗಿನ ದಾಖಲೆಯೂ ಆಯಿತು. ಈ ಬಾರಿ ಅದು ಸೋಗಲ್ಲ. ಆದರೆ ಕತ್ತಲು–ಬೆಳಕಿನ ಅಂಚನ್ನು ಜಲಜನಕ ಅನಿಲ ಮಸುಕು ಮಾಡುವುದರಿಂದ ಅಳತೆಯಲ್ಲಿ ಕೊಂಚ ಸಡಿಲ ಉಳಿಯುತ್ತದೆ. 2025ರಲ್ಲಿ ಚಿಲಿಯ ಆಲ್ಮಾ ರೇಡಿಯೋ ದೂರದರ್ಶಕ ಅದರಲ್ಲಿ ಆಮ್ಲಜನಕದ ಚೂಪಾದ ರೇಖೆಯೊಂದನ್ನು ಹಿಡಿದು ಲೆಕ್ಕವನ್ನು 14.18ಕ್ಕೆ ತಿದ್ದಿತು. ಜೊತೆಗೆ ಹೊಸ ತಲೆನೋವನ್ನೂ ಕೊಟ್ಟಿತು. ಆಮ್ಲಜನಕ ತಯಾರಾಗುವುದು ನಕ್ಷತ್ರಗಳ ಒಡಲಲ್ಲಿ, ಹೊರಬೀಳುವುದು ಅವು ಸತ್ತಾಗ. ಮಹಾಸ್ಫೋಟದ ಬಳಿಕ 30 ಕೋಟಿ ವರ್ಷದೊಳಗೆ ಅಷ್ಟು ನಕ್ಷತ್ರಗಳು ಯಾವಾಗ ಹುಟ್ಟಿ ಯಾವಾಗ ಸತ್ತವು?